ಹೊಸ ಕಾನೂನು ಬಂತು ಅಂತ ಹಳೆ ಪಾಲಿಸಿ ಬಿಡಬೇಡಿ

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನವನು. ಕಬ್ಬು ಬೆಳೆಯುತ್ತೇವೆ, ಒಂದು ಸಣ್ಣ ಆಲೆಮನೆ ಇದೆ. ಅಪ್ಪನಿಗೆ 70 ವರ್ಷ, ಶುಗರ್, ಬಿ.ಪಿ. ಎರಡೂ ಇವೆ. ಅಮ್ಮನಿಗೆ 65. ಇಬ್ಬರಿಗೂ ಸೇರಿಸಿ 2020ರ ಮಾರ್ಚ್‌ನಲ್ಲಿ 5 ಲಕ್ಷದ ಆರೋಗ್ಯ ವಿಮೆ ಮಾಡಿಸಿದೆ. ಒಂದು ವರ್ಷವೂ ತಪ್ಪಿಸದೆ ಕಟ್ಟಿದ್ದೇನೆ. ಈಗ ವಾಟ್ಸಾಪ್‌ನಲ್ಲಿ, ಡೇರಿ ಹತ್ತಿರ, ಎಲ್ಲಾ ಕಡೆ ಹೊಸ ಕಾನೂನಿನದೇ ಮಾತು. ಮೂರು ವರ್ಷ ಆದ ಮೇಲೆ ಕಂಪನಿಯವರು ಏನೂ ಕೇಳುವಂತಿಲ್ಲವಂತೆ, ಒಂದು ಗಂಟೆಯಲ್ಲಿ ದುಡ್ಡು ಕೊಡಲೇಬೇಕಂತೆ, ವಯಸ್ಸು ಎಷ್ಟಾದರೂ ಪಾಲಿಸಿ ಇಲ್ಲ ಅನ್ನುವ ಹಾಗಿಲ್ಲವಂತೆ. ಒಬ್ಬ ಏಜೆಂಟ್ ಬಂದು, ಹಳೇದು ಬಿಟ್ಟುಬಿಡಿ, ಹೊಸ ಕಾನೂನಿನ ಪ್ರಕಾರ 46,000ಕ್ಕೆ 10 ಲಕ್ಷದ ಪಾಲಿಸಿ ಕೊಡುತ್ತೇನೆ ಅನ್ನುತ್ತಿದ್ದಾರೆ. ಹಳೆ ಕಂಪನಿ ಈ ಸಲ 52,500 ಕೇಳಿದೆ. ಹೋದ ವರ್ಷ ಜಿ.ಎಸ್.ಟಿ. ಸೇರಿ 56,640 ಕಟ್ಟಿದ್ದೆ. ಜಿ.ಎಸ್.ಟಿ. ಪೂರ್ತಿ ತೆಗೆದಿದ್ದಾರೆ ಅಂದರೆ 8,640 ಕಡಿಮೆ ಆಗಬೇಕಿತ್ತು, ಅಲ್ವಾ? ಇನ್ನೊಂದು ವಿಷಯ. 2020ರಲ್ಲಿ ಅರ್ಜಿ ತುಂಬಿದ ಏಜೆಂಟ್ ಅಪ್ಪನ ಬಿ.ಪಿ. ಮಾತ್ರ ಬರೆದಿದ್ದರು, ಶುಗರ್ ಬರೆದಿರಲಿಲ್ಲ. ಆ ಭಯ ಒಳಗೇ ಕೊರೆಯುತ್ತಿದೆ. ನವೀಕರಣಕ್ಕೆ ಎರಡು ತಿಂಗಳಿದೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಇದನ್ನು ಓದಿ ಮುಗಿಸುವವರೆಗೂ ಹೊಸ ಪಾಲಿಸಿಗೆ ಸಹಿ ಹಾಕಬೇಡಿ. ನಿಮ್ಮ ಕೈಯಲ್ಲಿರುವ ಆರು ವರ್ಷದ ಹಳೆ ಪಾಲಿಸಿ ಇವತ್ತು ಬಹಳ ಬೆಲೆಬಾಳುವ ಕಾಗದ. ಅದಕ್ಕೆ ಆ ಬೆಲೆ ತಂದುಕೊಟ್ಟಿದ್ದೇ ನೀವು ಕೇಳುತ್ತಿರುವ ಹೊಸ ನಿಯಮಗಳು. ಅದೇ ನಿಯಮಗಳ ಹೆಸರು ಹೇಳಿ ಅದನ್ನು ನಿಮ್ಮ ಕೈಯಿಂದ ಬಿಡಿಸಲು ಹೊರಟಿದ್ದಾರಲ್ಲ, ಅದು ನನಗೆ ನಿಜವಾಗಿಯೂ ಸಂಕಟದ ವಿಷಯ.

ನಾನು 31 ವರ್ಷ ವಿಮಾ ಕಂಪನಿಯೊಂದರ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ಬೆಳಗ್ಗೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಯಾರಾದರೂ ಒಬ್ಬರು ಆಸ್ಪತ್ರೆ ಫೈಲು ಹಿಡಿದು ಗೇಟಿನ ಹತ್ತಿರ ನಿಂತಿರುತ್ತಾರೆ. ಈಚೆಗೆ ಬರುವವರೆಲ್ಲ ಒಂದೇ ಮಾತಿನಿಂದ ಶುರು ಮಾಡುತ್ತಾರೆ: "ಹೊಸ ಕಾನೂನು ಬಂದಿದೆಯಲ್ಲ ಸಾರ್, ಆದರೂ ಯಾಕೆ ಹೀಗೆ?"

ಗೊಂದಲ ಹುಟ್ಟುವುದೇ ಅಲ್ಲಿ. ಜನ "ಹೊಸ ಕಾನೂನು" ಅನ್ನುವುದು ಒಂದಲ್ಲ, ನಾಲ್ಕು ಬೇರೆ ಬೇರೆ ಸಂಗತಿ. ಸಂಸತ್ತು ಪಾಸು ಮಾಡಿದ ಕಾಯ್ದೆ ಒಂದು. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐ.ಆರ್.ಡಿ.ಎ.ಐ., ಹೊರಡಿಸಿದ ನಿಯಮಗಳು ಇನ್ನೊಂದು. ಜಿ.ಎಸ್.ಟಿ. ಮಂಡಳಿ ತೆಗೆದುಕೊಂಡ ತೆರಿಗೆ ತೀರ್ಮಾನ ಮತ್ತೊಂದು. ಸರ್ಕಾರದ ಯೋಜನೆಗಳು ಮಗದೊಂದು. ನಾಲ್ಕನ್ನೂ ಒಂದೇ ಗೋಣಿಚೀಲಕ್ಕೆ ಹಾಕಿ ಅಲ್ಲಾಡಿಸಿದರೆ ನಿಮಗೆ ಬಂದಂಥ ವಾಟ್ಸಾಪ್ ಸಂದೇಶ ಹೊರಗೆ ಬರುತ್ತದೆ.

ಕಾಯ್ದೆಯ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಅದರ ಸಂಬಂಧ ಕಡಿಮೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು "ಸಬ್ ಕಾ ಬಿಮಾ ಸಬ್ ಕಿ ರಕ್ಷಾ" ಎಂಬ ಹೆಸರಿನ ವಿಮಾ ತಿದ್ದುಪಡಿ ಕಾಯ್ದೆಯನ್ನು ಪಾಸು ಮಾಡಿತು. 1938ರ ವಿಮಾ ಕಾಯ್ದೆ, 1956ರ ಎಲ್.ಐ.ಸಿ. ಕಾಯ್ದೆ, 1999ರ ಐ.ಆರ್.ಡಿ.ಎ. ಕಾಯ್ದೆ, ಈ ಮೂರನ್ನೂ ಅದು ತಿದ್ದಿತು. ವಿಮಾ ಕಂಪನಿಗಳಲ್ಲಿ ವಿದೇಶಿ ಬಂಡವಾಳದ ಮಿತಿ ಶೇ. 74ರಿಂದ ಶೇ. 100ಕ್ಕೆ ಏರಿತು. ಕಂಪನಿ ಅನ್ಯಾಯವಾಗಿ ಮಾಡಿಕೊಂಡ ಲಾಭವನ್ನು ಕಕ್ಕಿಸುವ ಅಧಿಕಾರ ಪ್ರಾಧಿಕಾರಕ್ಕೆ ಸಿಕ್ಕಿತು. ಪಾಲಿಸಿದಾರರ ರಕ್ಷಣೆಗೆ ಒಂದು ನಿಧಿಯ ಏರ್ಪಾಡಾಯಿತು. ಆದರೆ ನಿಮ್ಮ ಅಪ್ಪನ ಶುಗರ್‌ಗೆ ದುಡ್ಡು ಕೊಡಬೇಕೋ ಬೇಡವೋ, ಎಷ್ಟು ವರ್ಷ ಕಾಯಬೇಕು ಅನ್ನುವುದು ಆ ಕಾಯ್ದೆಯಲ್ಲಿ ಇಲ್ಲ. "ವಿದೇಶಿಯವರು ದುಡ್ಡು ಎತ್ತಿಕೊಂಡು ಓಡಿಹೋಗುತ್ತಾರೆ" ಅನ್ನುವ ಭಯವೂ ಬೇಡ. ಬಂಡವಾಳ ಯಾರದ್ದೇ ಇರಲಿ, ಕಂಪನಿ ಈ ದೇಶದ ನಿಯಮಕ್ಕೆ ಒಳಪಟ್ಟೇ ನಡೆಯಬೇಕು. ಕ್ಲೇಮ್‌ಗಳನ್ನು ತೀರಿಸುವ ಶಕ್ತಿ ಇದೆ ಎಂದು ತೋರಿಸಲು ಇಷ್ಟು ಹಣ ಇರಲೇಬೇಕು ಎಂಬ ಲೆಕ್ಕ ಎಲ್ಲ ಕಂಪನಿಗಳಿಗೂ ಒಂದೇ.

ನಿಮಗೆ ಬೇಕಾಗಿರುವುದು 2024ರ ನಿಯಮಗಳು. 2024ರ ಏಪ್ರಿಲ್ 1ರಿಂದ ಹೊಸ ನಿಯಮಾವಳಿ ಬಂತು. ಅದೇ ವರ್ಷ ಮೇ 29ಕ್ಕೆ ಆರೋಗ್ಯ ವಿಮೆಗೆಂದೇ ಒಂದು ದೊಡ್ಡ ಸುತ್ತೋಲೆ ಹೊರಟಿತು. ಹಳೆಯ 55 ಸುತ್ತೋಲೆಗಳನ್ನು ರದ್ದು ಮಾಡಿ ಅವುಗಳ ಜಾಗಕ್ಕೆ ಇದೊಂದು ಬಂತು. ಇದರಲ್ಲಿ ಎರಡು ಅಂಕಿಗಳಿವೆ. ಒಂದು 36 ತಿಂಗಳು, ಇನ್ನೊಂದು 60 ತಿಂಗಳು. ಜನ ಇವೆರಡನ್ನೂ ಕಲಸಿಬಿಟ್ಟಿದ್ದಾರೆ.

36 ತಿಂಗಳು ಅನ್ನುವುದು ಕಾಯುವ ಅವಧಿ. ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಯನ್ನು ನೀವು ಅರ್ಜಿಯಲ್ಲಿ ಹೇಳಿದ್ದರೆ, ಕಂಪನಿ ಅದಕ್ಕೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಮೊದಲು ಇದು 48 ತಿಂಗಳಿತ್ತು. ಗಮನಿಸಿ, "ಹೇಳಿದ್ದರೆ". ಮೂರು ವರ್ಷ ಆದ ಮೇಲೆ ಮುಚ್ಚಿಟ್ಟಿದ್ದೂ ಮಾಫಿ ಅಂತ ಈ ನಿಯಮ ಹೇಳುವುದಿಲ್ಲ.

ಹಾಗಾದರೆ "ಮೂರು ವರ್ಷ ಆದ ಮೇಲೆ ಏನೂ ಕೇಳಂಗಿಲ್ಲ" ಅನ್ನುವ ಮಾತು ಎಲ್ಲಿಂದ ಬಂತು? ಅದು ಜೀವ ವಿಮೆಯದು. 1938ರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಜೀವ ವಿಮೆ ಪಾಲಿಸಿಯನ್ನು ಮೂರು ವರ್ಷದ ನಂತರ ಪ್ರಶ್ನೆ ಮಾಡುವಂತಿಲ್ಲ. ನಮ್ಮ ಕಡೆ ಇನ್ಶೂರೆನ್ಸ್ ಅಂದರೆ ಎಲ್.ಐ.ಸಿ. ಅನ್ನುವ ರೂಢಿ. ಆ ಮೂರು ವರ್ಷ ಸದ್ದಿಲ್ಲದೆ ಬಂದು ಆರೋಗ್ಯ ವಿಮೆಗೆ ಅಂಟಿಕೊಂಡಿದೆ. ಎಷ್ಟೋ ಏಜೆಂಟರಿಗೂ ಈ ವ್ಯತ್ಯಾಸ ಗೊತ್ತಿಲ್ಲ.

ಆರೋಗ್ಯ ವಿಮೆಯಲ್ಲಿ ಆ ಕೆಲಸ ಮಾಡುವುದು 60 ತಿಂಗಳ ನಿಯಮ. ಮೊದಲು ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಸಿದರು. ಹಳೆ ಪಾಲಿಸಿಗಳಿಗೂ ಇದು ಅನ್ವಯ. ಒಂದೂ ನವೀಕರಣ ತಪ್ಪದೆ 60 ತಿಂಗಳು ತುಂಬಿದ ಮೇಲೆ, "ಅರ್ಜಿಯಲ್ಲಿ ಇದನ್ನು ಹೇಳಿಲ್ಲ, ಅದನ್ನು ತಪ್ಪಾಗಿ ಹೇಳಿದ್ದೀರಿ" ಅಂತ ಕಂಪನಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ಒಂದೇ ದಾರಿ, ಅದು ಬೇಕಂತಲೇ ಮಾಡಿದ ವಂಚನೆ ಎಂದು ಸಾಬೀತು ಮಾಡಬೇಕು. ಸಾಬೀತು ಮಾಡುವ ಹೊಣೆ ಕಂಪನಿಯ ಮೇಲೆ, ನಿಮ್ಮ ಮೇಲಲ್ಲ.

ಈಗ ಲೆಕ್ಕ ಹಾಕಿ. 2020ರ ಮಾರ್ಚ್‌ನಿಂದ 2025ರ ಮಾರ್ಚ್‌ಗೆ 60 ತಿಂಗಳು. ನಿಮ್ಮದು ಆಗಲೇ ದಾಟಿದೆ. ಆರು ವರ್ಷದಿಂದ ಒಳಗೇ ಕೊರೆಯುತ್ತಿರುವ ಆ ಶುಗರ್‌ನ ಭಯಕ್ಕೆ ಈ ಹಳೆ ಪಾಲಿಸಿಯಲ್ಲಿ ಉತ್ತರ ಸಿಕ್ಕಿದೆ. ಬಿಟ್ಟು ಹೊಸದು ತಗೊಂಡರೆ? ಮತ್ತೆ ಒಂದನೇ ತಿಂಗಳು. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಚಿಪ್ಪು ಬದಲಾವಣೆ ಮುಂತಾದವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಶುಗರ್, ಬಿ.ಪಿ. ಮತ್ತು ಅದರಿಂದ ಬರುವ ತೊಂದರೆಗೆ ಮೂರು ವರ್ಷದವರೆಗೆ. 60 ತಿಂಗಳ ರಕ್ಷಣೆ ಸಿಗುವಾಗ ಅಪ್ಪನಿಗೆ 75. ನೀವು ರೈತರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಐದಾರು ವರ್ಷ ನೀರು ಹೊಯ್ದು ಈಗ ತಾನೇ ಫಲ ಬಿಟ್ಟ ತೆಂಗಿನ ಮರ ಕಡಿದು ಅದೇ ಗುಂಡಿಯಲ್ಲಿ ಹೊಸ ಸಸಿ ನೆಡುತ್ತೀರಾ?

ಆದರೆ ಎರಡು ಎಚ್ಚರಿಕೆ ಇವೆ. ಈ ರಕ್ಷಣೆ ಇರುವುದು ಮೊದಲಿಂದ ಇದ್ದ 5 ಲಕ್ಷಕ್ಕೆ. ಈಗ 10 ಲಕ್ಷಕ್ಕೆ ಏರಿಸಿದರೆ, ಜಾಸ್ತಿಯಾದ 5 ಲಕ್ಷಕ್ಕೆ ಏರಿಸಿದ ದಿನದಿಂದ ಹೊಸದಾಗಿ 60 ತಿಂಗಳು. ಏರಿಸುವಾಗ ಆರೋಗ್ಯದ ಬಗ್ಗೆ ಮತ್ತೆ ಕೇಳುತ್ತಾರೆ. ಆಗ ಶುಗರ್ ಇದೆ ಎಂದು, ಯಾವ ವರ್ಷದಿಂದ ಎಂದು ನಿಮ್ಮ ಕೈಯಾರೆ ಬರೆಯಿರಿ. ಎರಡನೆಯದು, 60 ತಿಂಗಳಾಯಿತು ಅಂತ ಪಾಲಿಸಿಯ ಒಳಗಿನ ಮಿತಿಗಳು ಹೋಗುವುದಿಲ್ಲ. ರೂಮ್ ಬಾಡಿಗೆ ಮಿತಿ, ಕಣ್ಣಿನ ಆಪರೇಷನ್‌ಗೆ ಇಷ್ಟೇ ಎನ್ನುವ ಮಿತಿ, ಬಿಲ್ಲಿನಲ್ಲಿ ನೀವೇ ಹಾಕಬೇಕಾದ ಶೇಕಡಾವಾರು ಪಾಲು, ಇವೆಲ್ಲ ಹಾಗೇ ಇರುತ್ತವೆ.

ಈ ಅರ್ಜಿ ಮತ್ತು ಆಸ್ಪತ್ರೆ ಕಾಗದದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನನ್ನ ಅನುಭವದಲ್ಲಿ ಹೆಚ್ಚು ಕ್ಲೇಮ್‌ಗಳು ಮುಗ್ಗರಿಸುವುದು ಇಲ್ಲೇ. ಕೆಲವು ತಿಂಗಳ ಹಿಂದೆ ನಂಜನಗೂಡು ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದರು. ಅವರ ತಂದೆಗೆ ಹೃದಯದಲ್ಲಿ ಸ್ಟೆಂಟ್ ಹಾಕಿದ್ದರು. ಪಾಲಿಸಿಗೆ ನಾಲ್ಕು ವರ್ಷ ಆಗಿತ್ತು, 60 ತಿಂಗಳು ತುಂಬಿರಲಿಲ್ಲ. ಕ್ಲೇಮ್ ತಿರಸ್ಕಾರ. ಕಾರಣ, ಆಸ್ಪತ್ರೆಯಿಂದ ಬಿಡುವಾಗ ಕೊಡುವ ಡಿಸ್ಚಾರ್ಜ್ ಸಮ್ಮರಿಯಲ್ಲಿದ್ದ ಒಂದೇ ಸಾಲು: "ಡಯಾಬಿಟಿಸ್, 10 ವರ್ಷದಿಂದ". ಪಾಲಿಸಿ ಅರ್ಜಿಯಲ್ಲಿ ಶುಗರ್ ಇಲ್ಲ ಎಂದಿತ್ತು. ಸುಳ್ಳು ಹೇಳಿದ್ದೀರಿ ಅಂದರು ಕಂಪನಿಯವರು.

ಯಾರು ಹೇಳಿದ್ದು ಹತ್ತು ವರ್ಷ ಅಂತ? ಎದೆನೋವು ಅಂತ ರಾತ್ರಿ ಎರಡು ಗಂಟೆಗೆ ಕರೆತಂದಾಗ ಡ್ಯೂಟಿ ಡಾಕ್ಟರ್ ಕೇಳಿದ್ದಾರೆ, ಶುಗರ್ ಎಷ್ಟು ವರ್ಷದಿಂದ ಇದೆ? ಜೊತೆಗಿದ್ದ ತಂಗಿ ಮಗ ಗಾಬರಿಯಲ್ಲಿ, "ಒಂದ್ ಹತ್ ವರ್ಷ ಆಗಿರಬೋದು ಸಾರ್" ಅಂದಿದ್ದಾನೆ. ಡಾಕ್ಟರು ಬರೆದುಕೊಂಡಿದ್ದಾರೆ. ಅವರದ್ದೂ ತಪ್ಪಿಲ್ಲ. ಆ ಹುಡುಗನ ಬಾಯಿಂದ ಬಂದ ಅಂದಾಜು ಸಮ್ಮರಿಯಲ್ಲಿ ಅಚ್ಚಾಗಿ, ಸೀಲ್ ಬಿದ್ದು, ಸಾಕ್ಷಿಯಾಗಿಬಿಟ್ಟಿತು.

ಆಕೆ ಒಂದು ಚಿನ್ನದಂಗಡಿಯ ಬಟ್ಟೆ ಚೀಲದ ತುಂಬ ಹಳೆ ರಿಪೋರ್ಟು ತಂದಿದ್ದರು. ನನ್ನ ಊಟದ ಮೇಜಿನ ಮೇಲೆ ಒಂದೊಂದಾಗಿ ತಾರೀಖಿನ ಪ್ರಕಾರ ಜೋಡಿಸಿದೆವು. ಮೂರನೇ ಸಾಲಿನಲ್ಲಿ ಸಿಕ್ಕಿತು, ಹಳದಿಯಾಗಿದ್ದ ಒಂದು ಲ್ಯಾಬ್ ಚೀಟಿ. ಪಾಲಿಸಿ ಮಾಡಿಸುವ ಆರು ತಿಂಗಳ ಮೊದಲಿನದು. ಖಾಲಿಹೊಟ್ಟೆ ಶುಗರ್ 94. ಅಂದರೆ ಆಗ ಶುಗರ್ ಇರಲೇ ಇಲ್ಲ. ಅದನ್ನು ತೋರಿಸಿ ಆಸ್ಪತ್ರೆಯಿಂದ ತಿದ್ದುಪಡಿ ಪತ್ರ ತಗೊಂಡೆವು, ಕಂಪನಿಗೆ ಮರುಪರಿಶೀಲನೆಗೆ ಬರೆದೆವು. ಎರಡು ತಿಂಗಳಾಯಿತು, ಆದರೆ ದುಡ್ಡು ಬಂತು. ಆ ಚೀಟಿ ಸಿಗದಿದ್ದರೆ ಏನು ಮಾಡುತ್ತಿದ್ದೆವೋ ಗೊತ್ತಿಲ್ಲ.

ಅದಕ್ಕೇ ಹೇಳುವುದು. ಹಳೆ ರಿಪೋರ್ಟು ಎಸೆಯಬೇಡಿ. ಅಪ್ಪನಿಗೆ ಶುಗರ್ ಯಾವ ವರ್ಷ, ಯಾವ ಡಾಕ್ಟರ ಹತ್ತಿರ ಗೊತ್ತಾಯಿತು ಅಂತ ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಡಿ. ಆಸ್ಪತ್ರೆಗೆ ಯಾರೇ ಕರೆದುಕೊಂಡು ಹೋಗಲಿ, ಅದನ್ನು ನೋಡಿ ಹೇಳಲಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲಿ. ಡಿಸ್ಚಾರ್ಜ್ ಆಗುವಾಗ ಸಮ್ಮರಿ ಓದದೆ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಅಲ್ಲಿನ ನರ್ಸ್‌ಗಳ ಕೈಲಿ ಓದಿಸಿ ಕೇಳಿ.

ಇನ್ನು ಒಂದು ಗಂಟೆಯ ಮಾತು. ಇದು ಅರ್ಧ ನಿಜ. ಆಸ್ಪತ್ರೆಯಿಂದ ಕ್ಯಾಶ್‌ಲೆಸ್ ಅರ್ಜಿ, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟಲಿ ಎನ್ನುವ ಕೋರಿಕೆ, ಹೋದ ಮೇಲೆ ಕಂಪನಿ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು. ತೀರ್ಮಾನ ಅಂದರೆ "ಆಗಲ್ಲ" ಅನ್ನುವುದೂ ತೀರ್ಮಾನವೇ. ದುಡ್ಡು ಕೊಡಲೇಬೇಕು ಎಂದು ನಿಯಮ ಹೇಳಿಲ್ಲ. ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಅರ್ಜಿ ಅರೆಬರೆ ತುಂಬಿ ಕಳಿಸಿದರೆ, ಆ ಗಂಟೆ ಪ್ರಶ್ನೆ-ಉತ್ತರದಲ್ಲೇ ಕಳೆದುಹೋಗುತ್ತದೆ. ಡಿಸ್ಚಾರ್ಜ್ ದಿನದ ನಿಯಮ ಇದಕ್ಕಿಂತ ಗಟ್ಟಿ. ಆಸ್ಪತ್ರೆ ಕೊನೆಯ ಬಿಲ್ ಕಳಿಸಿದ ಮೂರು ಗಂಟೆಯೊಳಗೆ ಒಪ್ಪಿಗೆ ಬರಬೇಕು. ತಡವಾಗಿ ಆಸ್ಪತ್ರೆ ಹೆಚ್ಚಿನ ಬಾಡಿಗೆ ಹಾಕಿದರೆ ಅದನ್ನು ಕಂಪನಿ ತನ್ನ ಷೇರುದಾರರ ಹಣದಿಂದ ಭರಿಸಬೇಕು, ನೀವಲ್ಲ. ರೋಗಿ ತೀರಿಕೊಂಡಿದ್ದರೆ ಕೂಡಲೇ ಅರ್ಜಿ ಮುಗಿಸಿ ದೇಹ ಮನೆಯವರಿಗೆ ಸಿಗುವಂತೆ ಮಾಡಬೇಕು. ಈ ಮಾತು ಎಷ್ಟು ಜನರಿಗೆ ಗೊತ್ತಿದೆ ಹೇಳಿ? ಸಂಜೆ ನಾಲ್ಕಕ್ಕೆ ಬಿಲ್ ರೆಡಿಯಾಗಿ ರಾತ್ರಿ ಹನ್ನೊಂದರವರೆಗೆ ಕಾರಿಡಾರಿನ ಬೆಂಚಿನ ಮೇಲೆ ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಲ್ ಕಳಿಸಿದ ಸಮಯ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಜಗಳಕ್ಕೆ ಅದೇ ಆಧಾರ.

ಕ್ಯಾಶ್‌ಲೆಸ್ ಇಲ್ಲ ಅಂದರೆ ಕ್ಲೇಮ್ ಇಲ್ಲ ಅಂತಲ್ಲ. ಕೈಯಿಂದ ಕಟ್ಟಿ, ಬಿಲ್ಲು, ರಿಪೋರ್ಟು ಎಲ್ಲ ಜೋಪಾನವಾಗಿಟ್ಟು ಆಮೇಲೆ ವಾಪಸ್ ಕೇಳಬಹುದು. ಬಹಳ ಮಂದಿ ಅಲ್ಲಿಗೇ ಕೈಚೆಲ್ಲಿ ಬಿಡುತ್ತಾರೆ. ತಿಳಿಸುವುದು ಒಂದೆರಡು ದಿನ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ನ್ಯಾಯವಾದ ಕ್ಲೇಮ್ ತಳ್ಳಬಾರದು ಅಂತ 2011ರಲ್ಲೇ ಪ್ರಾಧಿಕಾರ ಕಂಪನಿಗಳಿಗೆ ಹೇಳಿದೆ.

ರೂಮಿನ ವಿಷಯವನ್ನು ಹೊಸ ನಿಯಮ ಸರಿಮಾಡಿದೆ ಅಂತ ಕೆಲವರು ತಿಳಿದಿದ್ದಾರೆ. ಪೂರ್ತಿ ಸರಿಯಾಗಿಲ್ಲ. ನಿಮ್ಮ ಪಾಲಿಸಿ ತೆಗೆದು ನೋಡಿ, "ವಿಮಾ ಮೊತ್ತದ ಶೇ. 1" ಅಂತ ಇದ್ದರೆ ದಿನಕ್ಕೆ 5,000 ಬಾಡಿಗೆಯ ರೂಮು ನಿಮ್ಮ ಮಿತಿ. ಯಾರೋ ನೋಡಲು ಬರುತ್ತಾರೆ, ಚೆನ್ನಾಗಿರಲಿ ಅಂತ 8,000ದ ರೂಮು ತಗೊಂಡಿರಿ ಅನ್ನಿ. ಐದು ದಿನಕ್ಕೆ 15,000 ತಾನೇ ಜಾಸ್ತಿ, ಕೊಟ್ಟರಾಯಿತು ಅಂದುಕೊಳ್ಳುತ್ತೀರಿ. ಹಾಗಲ್ಲ. 8,000ಕ್ಕೆ 5,000, ಅಂದರೆ ಶೇ. 62.5. ಸರ್ಜನ್, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 1,60,000 ಆಗಿದ್ದರೆ ಅದರಲ್ಲೂ ಶೇ. 62.5 ಮಾತ್ರ, ಅಂದರೆ 1,00,000 ಕೊಡುತ್ತಾರೆ. ರೂಮಿನ 15,000 ಜೊತೆಗೆ ಇನ್ನೂ 60,000 ನಿಮ್ಮ ತಲೆ ಮೇಲೆ. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆ ಮತ್ತು ಐ.ಸಿ.ಯು. ಬಾಡಿಗೆಗೆ ಈ ರೀತಿ ಕತ್ತರಿ ಹಾಕುವಂತಿಲ್ಲ ಅಂತ ನಿಯಮ ಇದೆ. ಹಾಕಿದ್ದರೆ ಬಿಲ್ಲಿನ ಹಾಳೆ ಇಟ್ಟು ಪ್ರಶ್ನೆ ಮಾಡಿ. ಆದರೆ ಅಡ್ಮಿಟ್ ಆಗುವಾಗಲೇ ಮಿತಿಯೊಳಗಿನ ರೂಮು ಕೇಳುವುದು ಸುಲಭ.

ವಯಸ್ಸಿನ ಮಾತಿಗೆ ಬರೋಣ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅನ್ನುವ ಅಡ್ಡಗೋಡೆ 2024ರಲ್ಲಿ ಹೋಯಿತು, ನಿಜ. ಎಲ್ಲ ವಯಸ್ಸಿನವರಿಗೂ ಕಂಪನಿಗಳ ಹತ್ತಿರ ಪಾಲಿಸಿ ಇರಬೇಕು. ಆದರೆ ಬಂದ ಪ್ರತಿಯೊಬ್ಬರಿಗೂ ಕೊಡಲೇಬೇಕು ಎಂದಲ್ಲ. ಆರೋಗ್ಯ ನೋಡಿ ಹೆಚ್ಚು ದುಡ್ಡು ಕೇಳಬಹುದು, ಬೇಡ ಅನ್ನಲೂಬಹುದು. ಒಳಗಿರುವವರಿಗೆ ಮಾತ್ರ ರಕ್ಷಣೆ ಗಟ್ಟಿ. ಹೋದ ವರ್ಷ ಕ್ಲೇಮ್ ಮಾಡಿದಿರಿ ಅನ್ನುವ ಕಾರಣಕ್ಕೆ ನವೀಕರಣ ನಿಲ್ಲಿಸುವಂತಿಲ್ಲ. ನಿಮ್ಮ ಅಪ್ಪ ಈಗ ಒಳಗಿದ್ದಾರೆ. ಹೊರಗೆ ಬಂದು ಮತ್ತೆ ಬಾಗಿಲು ತಟ್ಟುವ ಕೆಲಸ ಯಾಕೆ?

46,000ಕ್ಕೆ 10 ಲಕ್ಷ ಅಂದಿದ್ದಾರಲ್ಲ, ಆ ಪಾಲಿಸಿಯಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳಿ. ಹಿರಿಯರ ಪಾಲಿಸಿಗಳಲ್ಲಿ ಬಿಲ್ಲಿನ ಒಂದು ಪಾಲು ಮನೆಯವರೇ ಹಾಕಬೇಕು ಎನ್ನುವ ಷರತ್ತು ಸಾಮಾನ್ಯ. ಶೇ. 20 ಇದ್ದರೆ ನಾಲ್ಕು ಲಕ್ಷದ ಬಿಲ್ಲಿಗೆ 80,000 ನೀವೇ ಹೊಂದಿಸಬೇಕು. ಕಬ್ಬಿನ ಬಿಲ್ಲು ಯಾವಾಗ ಕೈಗೆ ಬರುತ್ತದೆ ಅಂತ ನಿಮಗೇ ಗೊತ್ತು.

ಜಿ.ಎಸ್.ಟಿ.ಗೆ ಬರುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆಗೆ ತೆರಿಗೆ ಸೊನ್ನೆ. ಮೊದಲು ಶೇ. 18 ಇತ್ತು. ಕಂಪನಿಗಳು ನೌಕರರಿಗೆ ಮಾಡಿಸುವ ಗುಂಪು ಪಾಲಿಸಿಗೆ ಈ ವಿನಾಯಿತಿ ಇಲ್ಲ. ಆ ದಿನಕ್ಕೆ ಮೊದಲು ಕಟ್ಟಿದ್ದು ವಾಪಸ್ ಬರುವುದಿಲ್ಲ. ನಿಮ್ಮದನ್ನೇ ನೋಡಿ. ಹೋದ ವರ್ಷ ಮೂಲ ಕಂತು 48,000, ಅದರ ಮೇಲೆ 8,640 ತೆರಿಗೆ. ಈ ವರ್ಷ ಮೂಲ ಕಂತು 52,500. ತೆರಿಗೆ ಪೂರ್ತಿ ಹೋಗಿದೆ, ಆದರೆ ಮೂಲ ಕಂತು 4,500 ಏರಿದೆ. ಹಾಗಾಗಿ ಕೈಯಲ್ಲಿ ಉಳಿದಿದ್ದು 4,140. ಇದರಲ್ಲಿ ಜಿ.ಎಸ್.ಟಿ. ಮೋಸ ಇಲ್ಲ. ಏರಿಕೆ ನ್ಯಾಯವೇ ಅನ್ನುವುದು ಬೇರೆ ಪ್ರಶ್ನೆ. 60 ದಾಟಿದವರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಮೊದಲು ಪ್ರಾಧಿಕಾರದ ಜೊತೆ ಮಾತಾಡಬೇಕು ಅಂತ 2025ರ ಜನವರಿಯಲ್ಲಿ ಆದೇಶ ಬಂದಿದೆ. ನಿಮ್ಮದು ಶೇ. 9.4 ಏರಿದೆ. ಮಿತಿಯ ಹೊಸ್ತಿಲಲ್ಲಿ ಬಂದು ನಿಂತಿದೆ, ದಾಟಿಲ್ಲ. ತೆರಿಗೆ ಹೋದ ಮೇಲೆ ಕಂಪನಿಗಳಿಗೆ ತಮ್ಮ ಖರ್ಚುಗಳ ಮೇಲೆ ತಾವು ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳುವ ಸೌಲಭ್ಯವೂ ಹೋಯಿತು. ಅದರ ಭಾರ ನಿಧಾನವಾಗಿ ಮೂಲ ಕಂತಿನ ಮೇಲೆ ಬೀಳಬಹುದು ಅನ್ನುವುದು ನನ್ನ ಅನಿಸಿಕೆ. ಪ್ರತಿ ವರ್ಷ ಮೂಲ ಕಂತನ್ನು ಮೂಲ ಕಂತಿನ ಜೊತೆಗೇ ಹೋಲಿಸಿ ನೋಡಿ.

ಸರ್ಕಾರದ ಯೋಜನೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಖಾಸಗಿ ಪಾಲಿಸಿ ಇದ್ದರೆ ಆಯುಷ್ಮಾನ್ ಕಾರ್ಡ್ ರದ್ದಾಗುತ್ತದೆ ಅನ್ನುವ ಮಾತು ನಮ್ಮ ಕಡೆ ಬಹಳ ಓಡಾಡುತ್ತಿದೆ. ಹಾಗೇನಿಲ್ಲ. ಎ.ಪಿ.ಎಲ್. ಕಾರ್ಡಿನವರಿಗೆ ಏನೂ ಸಿಗಲ್ಲ ಅನ್ನುವುದೂ ತಪ್ಪು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಆದರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ತೋರಿಸಬೇಕು, ಅಲ್ಲಿ ಆಗದಿದ್ದರೆ ಅವರೇ ರೆಫರಲ್ ಬರೆದುಕೊಡುತ್ತಾರೆ. 70 ವರ್ಷ ತುಂಬಿದವರಿಗೆ ಆದಾಯ ನೋಡದೆ 5 ಲಕ್ಷದ ರಕ್ಷಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. ನಿಮ್ಮ ಅಪ್ಪನ ವಯಸ್ಸಿಗೆ ಅದು ಹೊಂದುತ್ತದೆ. ನಂಬಿ ಕೂರುವ ಮೊದಲು, ನೀವು ಹೋಗುವ ಆಸ್ಪತ್ರೆಯಲ್ಲಿ ಈ ಯೋಜನೆಗೆಂದೇ ಇರುವ ಸಹಾಯಕರನ್ನು, ಅಂದರೆ ಆರೋಗ್ಯಮಿತ್ರರನ್ನು, ಕೇಳಿ ಖಚಿತ ಮಾಡಿಕೊಳ್ಳಿ. ನೀವು ಸಹಕಾರ ಸಂಘದ ಸದಸ್ಯರಾಗಿದ್ದರೆ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆ ಬಗ್ಗೆಯೂ ಸೊಸೈಟಿ ಕಾರ್ಯದರ್ಶಿಯನ್ನು ವಿಚಾರಿಸಿ. 2018ರಲ್ಲಿ ನಿಂತಿದ್ದ ಅದು 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ.

ಇಷ್ಟೆಲ್ಲ ಆದರೂ ಮುಂದೊಂದು ದಿನ ಕ್ಲೇಮ್ ತಿರಸ್ಕಾರ ಆಯಿತು ಅನ್ನಿ. ಈಗ ಒಬ್ಬ ಅಧಿಕಾರಿ ತನ್ನ ಮನಸ್ಸಿಗೆ ಬಂದ ಹಾಗೆ ಇಲ್ಲ ಅನ್ನುವಂತಿಲ್ಲ, ಕಂಪನಿಯೊಳಗಿನ ಸಮಿತಿ ನೋಡಿ ಒಪ್ಪಬೇಕು. ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕಾರ ಅಂತ ಪತ್ರದಲ್ಲಿ ಬರೆಯಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ, ಪತ್ರ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 155255ಕ್ಕೆ ಫೋನ್ ಮಾಡಿ ಪ್ರಾಧಿಕಾರದ ದೂರು ವ್ಯವಸ್ಥೆಯಾದ ಬಿಮಾ ಭರೋಸಾದಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ದೂರುಗಳನ್ನು ವಿಚಾರಿಸಿ ತೀರ್ಪು ಕೊಡುವ ಅಧಿಕಾರಿ, ಹತ್ತಿರ ಹೋಗಿ. ಕರ್ನಾಟಕಕ್ಕೆಲ್ಲ ಒಂದೇ ಕಚೇರಿ, ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ದೂರು ತಗೊಳ್ಳುತ್ತಾರೆ. ಒಂದು ವರ್ಷದೊಳಗೆ ಹೋಗಬೇಕು. ಒಂಬುಡ್ಸ್‌ಮನ್ ತೀರ್ಪು ಕೊಟ್ಟ 30 ದಿನದೊಳಗೆ ಕಂಪನಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕಾಗುತ್ತದೆ. ಇದೂ 2024ರ ಸುತ್ತೋಲೆಯಲ್ಲೇ ಇದೆ. ಆದರೆ ಇದನ್ನು ಯಾರೂ ವಾಟ್ಸಾಪ್‌ನಲ್ಲಿ ಕಳಿಸುವುದಿಲ್ಲ.

ಈಗ ಈ ವಾರ ನೀವು ಮಾಡಬೇಕಾದ್ದು. 2020ರ ಮೊದಲ ಪಾಲಿಸಿಯಿಂದ ಇಲ್ಲಿಯವರೆಗಿನ ಎಲ್ಲ ಹಾಳೆಗಳನ್ನು ಹುಡುಕಿ ಒಂದು ಫೈಲಿಗೆ ಹಾಕಿ. ಪ್ರತಿ ವರ್ಷದ ಶುರು ಮತ್ತು ಕೊನೆಯ ತಾರೀಖು ನೋಡಿ, ಮಧ್ಯೆ ಎಲ್ಲೂ ಕೊಂಡಿ ಕಳಚಿಲ್ಲ ತಾನೇ? 5 ಲಕ್ಷ ಸಾಲದು ಅನ್ನಿಸಿದರೆ, ಅದನ್ನು ಮುಟ್ಟದೆ ಅದರ ಮೇಲೊಂದು ಸೂಪರ್ ಟಾಪ್-ಅಪ್ ತಗೊಳ್ಳಿ. ಮೊದಲ 5 ಲಕ್ಷ ಹಳೇದರಿಂದ, ಅದಕ್ಕಿಂತ ಮೇಲಿನದು ಟಾಪ್-ಅಪ್‌ನಿಂದ. ಒಂಟಿ 10 ಲಕ್ಷದ ಪಾಲಿಸಿಗಿಂತ ಇದು ಸಾಮಾನ್ಯವಾಗಿ ಅಗ್ಗ. ಅದಕ್ಕೂ ಕಾಯುವ ಅವಧಿ ಇದ್ದೇ ಇರುತ್ತದೆ, ಅದರ ಅರ್ಜಿಯಲ್ಲಿ ಶುಗರ್ ಬರೆಯಲೇಬೇಕು.

ಹಳೆ ಕಂಪನಿಯ ಸೇವೆಯೇ ಸರಿಯಿಲ್ಲ, ಬದಲಾಯಿಸಲೇಬೇಕು ಅಂದರೆ "ಪೋರ್ಟ್" ಮಾಡಿ ಕೊಡಿ, ಅಂದರೆ ಹಳೆ ಪಾಲಿಸಿಯನ್ನೇ ಹೊಸ ಕಂಪನಿಗೆ ವರ್ಗಾಯಿಸಿ ಕೊಡಿ ಅಂತ ಆ ಏಜೆಂಟರನ್ನೇ ಕೇಳಿ. ಪೋರ್ಟ್ ಆದರೆ ನೀವು ಕಳೆದ ಆರು ವರ್ಷ 5 ಲಕ್ಷದ ಮಟ್ಟಿಗೆ ನಿಮ್ಮ ಜೊತೆಗೇ ಬರುತ್ತದೆ. ನವೀಕರಣಕ್ಕೆ 45 ದಿನ ಮೊದಲೇ ಅರ್ಜಿ ಕೊಡುವುದು ವಾಡಿಕೆ, ನಿಮಗೆ ಇನ್ನೂ ಸಮಯ ಇದೆ. ಅಲ್ಲೂ ಎಲ್ಲ ಕಾಯಿಲೆ ಹೇಳಬೇಕು, ಅವರು ಬೇಡ ಅನ್ನಲೂಬಹುದು. ಒಪ್ಪಿಗೆ ಬರಹದಲ್ಲಿ ಕೈಸೇರುವವರೆಗೆ ಹಳೆ ಪಾಲಿಸಿ ಬಿಡಬೇಡಿ. ಒಪ್ಪಿಗೆ ಬಾರದೆ ಮಾರ್ಚ್ ಬಂದುಬಿಟ್ಟರೆ ಸುಮ್ನೆ ಕಾಯಬೇಡಿ, 52,500 ಕಟ್ಟಿಬಿಡಿ. ವರ್ಷದ ಕಂತಿಗೆ 30 ದಿನ ಹೆಚ್ಚುವರಿ ಗಡುವು ಇದೆ ನಿಜ, ಆದರೆ ಕಟ್ಟುವವರೆಗಿನ ಆ ದಿನಗಳಲ್ಲಿ ಅಪ್ಪ ಆಸ್ಪತ್ರೆ ಸೇರಿದರೆ ತೊಂದರೆ. ತಾರೀಖಿಗೆ ಒಂದು ವಾರ ಮೊದಲೇ ಕಟ್ಟಿ, ರಸೀದಿಯನ್ನು ಅದೇ ಫೈಲಿಗೆ ಹಾಕಿ.